ಹುಳಿಮಜ್ಜಿಗೆ ಬ್ಯಾಂಡಿನ ಇತ್ಯರ್ಥ

ನಮ್ಮೂರಿನ ಹೊಳೆಯನ್ನು ನಾವೆಲ್ಲ ದೋಣಿಯಲ್ಲಿ ದಾಟುತ್ತೇವೆ. ಇಬ್ಬರು ಮುದುಕರು ಮಾತ್ರ ನಡೆದು ದಾಟುತ್ತಾರೆ. ದಿನಾ ಬೆಳಿಗ್ಗೆ ಏಳಕ್ಕೆ, ನೀರಿನಿಂದ ಎರಡಾಳು ಎತ್ತರದಲ್ಲಿ, ಬರೀ ಗಾಳಿಯ ಮೇಲೆ, ಒಬ್ಬ ಈ ದಡದಿಂದ ಹೊರಟರೆ ಇನ್ನೊಬ್ಬ ಆ ದಡದಿಂದ. ನಡುವೆ ಎದುರಾದಾಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಲ್ಲಿ ಏನಿದೆ ಎಂದು ಅವರು ನಮಗೆ ಎಷ್ಟೋ ಸಲ ಹೇಳಿದ್ದಾರಂತೆ. ಕೇಳುವಾಗ ಹೌದಲ್ಲ ಅನ್ನಿಸುತ್ತದೆಯಂತೆ, ದೋಣಿ ಇಳಿಯುವಷ್ಟರಲ್ಲಿ ಮರೆತಿರುತ್ತೇವೆ. ಯಾವುದೋ ವರ್ಷದ ಇತ್ಯರ್ಥ ಸಭೆಯಲ್ಲಿ ಅವರಿಬ್ಬರೂ ಹಟ ಹಿಡಿದು ಕೂತಿದ್ದರು ಎಂಬುದಷ್ಟೇ ಊರಿಗೆ ಗೊತ್ತು. ಚಿಕ್ಕವನಿದ್ದಾಗ ಅವರನ್ನು ನೋಡಿ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಈಗ ನಗುವುದಿಲ್ಲ.

ಇತ್ಯರ್ಥ ಸಭೆ ಸೇರುವುದು ಆಷಾಢದಲ್ಲಿ. ಆಗ ಮದುವೆಗಳಿಲ್ಲ, ಛತ್ರ ಖಾಲಿ ಇರುತ್ತದೆ. ಇಪ್ಪತ್ತು ವರ್ಷ ಹಳೆಯದಾದ ಯಾವ ಸಂಗತಿಯನ್ನಾದರೂ ಯಾರು ಬೇಕಾದರೂ ಚೀಟಿ ಬರೆದು ಡಬ್ಬಿಗೆ ಹಾಕಬಹುದು. ಎತ್ತಿದ ಚೀಟಿಯ ಮೇಲೆ ಆ ವರ್ಷದ ವಾದ. ಅದು ನಡೆದಾಗ ಅಲ್ಲಿದ್ದವರು ಎದ್ದು ನಿಂತು ಹೇಳಬೇಕು. ಸಭೆಯಲ್ಲಿ ಕೂತವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಯಾರ ಮಾತಿಗೆ ಕೈಯೆತ್ತುತ್ತಾರೋ ಆ ಮಾತು ಪುಸ್ತಕಕ್ಕೆ ಹೋಗುತ್ತದೆ. ಅಲ್ಲಿಂದಾಚೆಗೆ ಅದು ಇಡೀ ಊರಿಗೆ ನಿನ್ನೆ ಕಂಡಂತೆ, ನಿನ್ನೆ ಕೇಳಿದಂತೆ ನೆನಪಿರುತ್ತದೆ, ಆಮೇಲೆ ಹುಟ್ಟಿದವರಿಗೂ. ಯಾರಿಗೂ ಅರ್ಧ ಸಿಗದಿದ್ದರೆ ಗುಮಾಸ್ತ ‘ಕೈಬಿಡಲಾಗಿದೆ’ ಎಂದು ಬರೆಯುತ್ತಾನೆ. ಊಟ ಮಾಡಿ ಕೈ ತೊಳೆಯುವ ಹೊತ್ತಿಗೆ ಆ ಸಂಗತಿ ಊರಲ್ಲಿ ಇರುವುದಿಲ್ಲ. ಎದ್ದು ನಿಂತು ವಾದಿಸಿದವರಲ್ಲಿ ಮಾತ್ರ ಉಳಿಯುತ್ತದೆ. ಅದು ಶಿಕ್ಷೆಯೋ ಬಹುಮಾನವೋ ಯಾರೂ ಕೇಳಿದವರಿಲ್ಲ. ಬುದ್ಧಿವಂತರು ಛತ್ರದ ಬಾಗಿಲಲ್ಲೇ ರಾಜಿ ಮಾಡಿಕೊಂಡು ಒಂದೇ ಮಾತು ಹಿಡಿದು ಒಳಗೆ ಬರುತ್ತಾರೆ. ಊರಿಗೆ ಮೊದಲ ಬಸ್ಸು ತಂದವರು ಯಾರು ಎಂದು ಕಚ್ಚಾಡುತ್ತಿದ್ದ ಅಣ್ಣತಮ್ಮಂದಿರು ಕೊನೇ ಗಳಿಗೆಯಲ್ಲಿ ಇಬ್ಬರೂ ಹಿಂದೆ ಸರಿದು, ತಂದವನು ಡ್ರೈವರ್ ಅಂತ ಬರೆಸಿದರು. ಬಸ್ಸು ಉಳಿಯಿತು.

ನಿಮಗೆ ಇದನ್ನು ಹೇಳುತ್ತಿರುವುದು ನೀವು ಹೊರಗಿನವರು ಎಂದು. ನಿಮ್ಮ ಕಿವಿಯಲ್ಲಾದರೂ ನಿಲ್ಲಲಿ.

ನನ್ನ ಹೆಸರು ಮುಕುಂದ. ಸಂತೆ ಬೀದಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಬಿಸ್ಕತ್ ಫ್ಯಾಕ್ಟರಿಯ ಪ್ಯಾಕಿಂಗ್‌ನಲ್ಲಿದ್ದೆ. ಅದೇ ಸಾಲಿನಲ್ಲಿ ಇನಾಯತ್ ಇದ್ದ, ವನಮಾಲ ಇದ್ದಳು. ಇನಾಯತನ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದವರು. ಊರಿಗೆ ಬಂದಾಗಲೆಲ್ಲ ಪರದೇಶದ ಹುಡುಗರು ಗಂಟಲು ಹರಿದುಕೊಂಡು ಹಾಡಿದ ಪಂಕ್ ಕ್ಯಾಸೆಟ್ಟುಗಳನ್ನು ತಂದುಕೊಡುತ್ತಿದ್ದರು. ಕೇಳಿ ಕೇಳಿ ನಮಗೂ ಹುಚ್ಚು ಹಿಡಿಯಿತು. ಬೀಗ ಬಿದ್ದಿದ್ದ ಬೆಂಕಿಪೊಟ್ಟಣದ ಕಾರ್ಖಾನೆಯ ಷೆಡ್ಡಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ಇನಾಯತ್ ಗಿಟಾರು, ನಾನು ಡ್ರಮ್ಮು, ವನಮಾಲ ಹಾಡು. ಬ್ಯಾಂಡಿಗೆ ‘ಹುಳಿಮಜ್ಜಿಗೆ’ ಎಂದು ಹೆಸರಿಟ್ಟವಳು ಅವಳೇ. ‘ನಲ್ಲಿ ಬಂದಿಲ್ಲ’, ‘ಮೇಸ್ತ್ರಿ ಮೂಗು’, ‘ನಿಲ್ಲದ ಬಸ್ಸು’ ಎಂಬಂಥ ಹಾಡುಗಳು. ಆ ದಶಕದಲ್ಲಿ ನಮ್ಮನ್ನು ನೋಡಿ ಇನ್ನೂ ಐದಾರು ಬ್ಯಾಂಡು ಹುಟ್ಟಿದವು, ಸತ್ತವು. ವನಮಾಲಳೂ ಸತ್ತಳು. ಕಾಮಾಲೆ ಬಂದು ಎಂಟೇ ದಿನದಲ್ಲಿ ಹೋದಳು. ಇಪ್ಪತ್ತನಾಲ್ಕು ವಯಸ್ಸು.

ಅವಳ ತಾಯಿ ಸಾಕಮ್ಮನವರಿಗೆ ಮಗಳು ಹಾಡುತ್ತಿದ್ದಳು ಎಂದು ಗೊತ್ತಾದದ್ದೇ ಅವಳು ಸತ್ತ ಮೇಲೆ. ಮನೆಯಲ್ಲಿ ಅಪ್ಪ ಕೆಂಡ. ವನಮಾಲ ಅಲ್ಲಿ ತುಟಿ ಬಿಚ್ಚುತ್ತಿರಲಿಲ್ಲ, ಸಾರಿಗೆ ಉಪ್ಪು ಸಾಲದಿದ್ದರೂ ಹಾಗೇ ಉಣ್ಣುತ್ತಿದ್ದಳಂತೆ. ತಿಥಿ ಮುಗಿದ ಮೇಲೆ ಅವರನ್ನು ನನ್ನ ಮನೆಗೆ ಕರೆದು, ನಮ್ಮ ಒಂದೇ ಒಂದು ಕ್ಯಾಸೆಟ್ಟು ಹಾಕಿ ಕೇಳಿಸಿದೆ. ಹತ್ತೊಂಬತ್ತು ನಿಮಿಷ. ಕೊನೆಯ ಹಾಡು ‘ಕೇಳಿಸ್ತಾ’. ಅದರಲ್ಲಿ ಬೇರೆ ಮಾತೇ ಇಲ್ಲ, “ಕೇಳಿಸ್ತಾ? ಕೇಳಿಸ್ತಾ? ಕೇಳಿಸದಿದ್ರೆ ಇನ್ನೊಂದ್ಸಲ!” ಎಂದು ಕೊರಳ ನರ ಉಬ್ಬುವ ಹಾಗೆ ಅರಚುತ್ತಾಳೆ. ಸಾಕಮ್ಮನವರು ಬಾಯಿಗೆ ಸೆರಗಿಟ್ಟುಕೊಂಡು ಕೇಳಿದರು. ಮುಗಿದ ಮೇಲೆ ಹೇಳಿದರು, “ಅಬ್ಬಬ್ಬಾ, ಏನ್ ಕೂಗ್ತಾಳೋ ಮುಂಡೇದು! ಹೋಗ್ಲಿ ಬಿಡು, ಹೊಟ್ಟೇಲಿದ್ದಿದ್ದೆಲ್ಲ ಕೂಗಿ ಹೋದ್ಲಲ್ಲ. ಏನೂ ಉಳಿಸ್ಕೊಳ್ಳಲಿಲ್ಲ.” ಅವತ್ತಿನಿಂದ ಪ್ರತಿ ಗುರುವಾರ ಸಂತೆ ಮುಗಿಸಿ ಸೊಪ್ಪಿನ ಚೀಲ ಹಿಡಿದು ಬರುತ್ತಿದ್ದರು. ಅಂಗಡಿ ಇಟ್ಟ ಮೇಲೆ ಅಂಗಡಿಗೆ. ಹತ್ತೊಂಬತ್ತು ನಿಮಿಷ ಕೇಳಿ, ಟೀ ಕುಡಿದು, ಹಗುರಾಗಿ ಹೋಗುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಮೂರೋ ನಾಲ್ಕೋ ಗುರುವಾರ ತಪ್ಪಿಸಿರಬಹುದು.

ಡಬ್ಬಿಗೆ ಚೀಟಿ ಹಾಕಿದವರೂ ಅವರೇ. “ನಾನಿನ್ನು ಎಷ್ಟು ದಿನ ಮುಕುಂದಪ್ಪ? ಈ ಕ್ಯಾಸೆಟ್ ಪಟ್ಟಿ ಕಿತ್ತೋದ್ರೆ ಮುಗೀತು. ಪುಸ್ತಕಕ್ಕೆ ಹೋದ್ರೆ ಊರೆಲ್ಲ ಕೇಳುತ್ತೆ ಅವಳ ಕೂಗ, ಅಲ್ವಾ?” ಎಂದರು. ಅವರಿಗೆ ಬರೆಯಲು ಬಾರದು. ಚೀಟಿ ಬರೆದವನು ನಾನು. ‘ವನಮಾಲಳ ಹಾಡು’ ಎಂದು ಬರೆದಿದ್ದರೆ ಸಾಕಿತ್ತು. ನನ್ನ ಬುದ್ಧಿಗೆ ಮಂಗಳಾರತಿ ಎತ್ತಬೇಕು, ‘ಆ ದಶಕದ ಪಂಕ್ ಮತ್ತು ಹಾರ್ಡ್‌ಕೋರ್ ಸಂಗೀತದ ಚರಿತ್ರೆ’ ಎಂದು ದೊಡ್ಡದಾಗಿ ಬರೆದೆ. ಎತ್ತಿದ ಚೀಟಿ ಅದೇ ಆಯಿತು. ನಾನು ಸಾಕಮ್ಮನವರ ಮನೆಗೆ ಓಡಿ ಹೋಗಿ ಹೇಳಿದೆ. ಅವರು ಅವತ್ತೇ ಪೆಟ್ಟಿಗೆಯಿಂದ ಒಳ್ಳೆ ಸೀರೆ ತೆಗೆದು ಬಿಸಿಲಿಗೆ ಹರವಿದರು.

ಈಗ ಜಗಳದ ವಿಷಯ ಹೇಳಬೇಕು. ಗೊತ್ತಿಲ್ಲದವರಿಗೆ ಇದು ಜಗಳವಾಡುವಂಥದ್ದೇ ಅಲ್ಲ. ಮೊದಲ ನಾಲ್ಕು ವರ್ಷ ನಮ್ಮ ಹಾಡುಗಳು ಮೂರು ಮೂರು ನಿಮಿಷ ಇದ್ದವು. ರಾಗ ಇತ್ತು, ವ್ಯಂಗ್ಯ ಇತ್ತು, ಗುನುಗಿಕೊಂಡು ಹೋಗಬಹುದಿತ್ತು. ಅದು ಪಂಕ್. ಐದನೇ ವರ್ಷದ ಒಂದು ಭಾನುವಾರ ನಾನು ತಾಳವನ್ನು ಇದ್ದಕ್ಕಿದ್ದಂತೆ ಎರಡರಷ್ಟು ವೇಗಕ್ಕೆ ಏರಿಸಿದೆ. ವನಮಾಲ ಹಿಂದಿರುಗಿ ನನ್ನನ್ನು ನೋಡಿದಳು, ರಾಗ ಬಿಟ್ಟು ಅರಚತೊಡಗಿದಳು. ಒಂದೊಂದು ಹಾಡು ಒಂದು ನಿಮಿಷವೂ ಇಲ್ಲ. ಕೇಳಲು ಬಂದಿದ್ದ ಮೂವತ್ತು ಜನ ಒಟ್ಟಿಗೆ ಅರಚಿದರು. ಅದು ಹಾರ್ಡ್‌ಕೋರ್. ಅದು ನಮ್ಮೂರಲ್ಲಿ ಹುಟ್ಟಿತು, ಅದಕ್ಕೆ ಮುಂಚಿನದೆಲ್ಲ ಕ್ಯಾಸೆಟ್ಟಿನ ನಕಲು ಎಂಬುದು ನನ್ನ ವಾದ. ಹುಟ್ಟಿದ್ದು ಪಂಕ್, ಕೊನೆಯದು ಅದರ ಬಾಲ ಎಂಬುದು ಇನಾಯತನ ವಾದ. ಫ್ಯಾಕ್ಟರಿ ಬಿಟ್ಟ ಮೇಲೆ ಅವನು ಹಾಸಿಗೆ ಅಂಗಡಿ ಇಟ್ಟ. ಈ ಇಪ್ಪತ್ತು ವರ್ಷದಲ್ಲಿ ನಾವಿಬ್ಬರು ಎಲ್ಲಿ ಸಿಕ್ಕರೂ, ಟೀ ಅಂಗಡಿಯಲ್ಲಿ, ದೋಣಿಯಲ್ಲಿ, ಯಾರದೋ ಮಣ್ಣಿನಲ್ಲಿ ಕೂಡ, ಇದನ್ನೇ ಆಡಿಕೊಂಡಿದ್ದೇವೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು, ಅವನು ಹಿಡಿದಿದ್ದಕ್ಕೆ ಎರಡೇ. ನಿಜ ಹೇಳಬೇಕೆಂದರೆ, ಇಷ್ಟು ವರ್ಷ ವನಮಾಲಳನ್ನು ನೆನೆಯಲು ನಮಗೆ ಗೊತ್ತಿದ್ದ ದಾರಿ ಅದೊಂದೇ ಆಗಿತ್ತು. ಅಳುವುದಕ್ಕೆ ನಾಚಿಕೆಯಾಗುತ್ತಿತ್ತು, ಜಗಳಕ್ಕೆ ಆಗುತ್ತಿರಲಿಲ್ಲ.

ಸಭೆಯ ದಿನ ಛತ್ರದಲ್ಲಿ ನೂರ ತೊಂಬತ್ತು ಜನ ಕೂತಿದ್ದರು. ಹೆಚ್ಚಿನವರು ಊಟಕ್ಕೆ ಬಂದವರು. ಅಧ್ಯಕ್ಷತೆ ನಿವೃತ್ತ ಹೆಡ್‌ಮಿಸ್ಟ್ರೆಸ್ ಅಂಬುಜಾಕ್ಷಮ್ಮನವರದು. ಸಾಕಮ್ಮನವರು ಒಳ್ಳೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು.

ನಾನು ಚೆನ್ನಾಗಿಯೇ ಶುರು ಮಾಡಿದೆ. ಆ ಭಾನುವಾರದ ಸೆಕೆ, ತಗಡಿನ ಷೆಡ್ಡು ಅದುರಿದ್ದು, ತಾಳ ಏರಿದ್ದು, ಎಲ್ಲ ಹೇಳಿದೆ. ಕೆಲವರು ತಲೆದೂಗಿದರು. ಇನಾಯತ್ ಎದ್ದ. ಅವನಿಗೆ ಮೊದಲಿಂದಲೂ ಮಾತು ಚೆನ್ನ.

“ಇವನು ಯಾಕೆ ಅವತ್ತು ಸ್ಪೀಡಾಗಿ ಬಾರಿಸ್ದ ಗೊತ್ತಾ ಮೇಡಂ? ಆ ತಿಂಗಳು ನಾಲ್ಕು ಗಂಟೆಗೆ ಕರೆಂಟ್ ತೆಗೀತಿದ್ರು. ಮೂರೂ ಮುಕ್ಕಾಲಾಗಿತ್ತು, ಇನ್ನೂ ಆರು ಹಾಡಿತ್ತು. ಕರೆಂಟ್ ಹೋಗೋದ್ರೊಳಗೆ ಮುಗಿಸ್ಬೇಕು ಅಂತ ಬಾರಿಸ್ದ. ಅದನ್ನ ಹಾರ್ಡ್‌ಕೋರ್ ಅಂತಾನೆ!”

ಛತ್ರ ಗೊಳ್ಳೆಂದು ನಕ್ಕಿತು. ಅಂಬುಜಾಕ್ಷಮ್ಮನವರೂ ಕರ್ಚೀಫು ಬಾಯಿಗಿಟ್ಟುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಅದು ನಿಜ. ಗೋಡೆ ಗಡಿಯಾರ ನೋಡಿಯೇ ನಾನು ಏರಿಸಿದ್ದು. ಇಪ್ಪತ್ತು ವರ್ಷ ಅದನ್ನು ಯಾರಿಗೂ, ನನಗೂ ಹೇಳಿಕೊಂಡಿರಲಿಲ್ಲ.

“ನೀನು ಬರ್ದಿದ್ದು ಒಂದಾದ್ರೂ ನಿಂದಾ? ಎಲ್ಲ ನಿಮ್ಮ ಮಾಮನ ಕ್ಯಾಸೆಟ್ಟಿಂದ ಕದ್ದಿದ್ದು. ಕಳ್ಳಮಾಲಿಗೆ ಚರಿತ್ರೆ ಬೇರೆ!” ಎಂದೆ.

“ಕದ್ದಿದ್ದೇ ಆಗ್ಲಿ, ಅದರಲ್ಲಿ ಅವಳು ಹಾಡಿದ್ಲು. ನಿಂದ್ರಲ್ಲಿ ಬರೀ ಅರಚಿದ್ಲು. ಗಂಟಲು ಕೆಡಿಸಿದ್ದು ನೀನು.”

ಅಲ್ಲಿಂದ ಮುಂದಕ್ಕೆ ಏನೇನು ಅಂದೆವೋ. ತಾರೀಖು, ತಂತಿಯ ದಪ್ಪ, ಯಾವ ಬ್ಯಾಂಡು ಯಾವ ಬ್ಯಾಂಡಿಗಿಂತ ಹದಿನೈದು ದಿನ ಮುಂಚೆ, ಕೂದಲು ನಿಲ್ಲಿಸಿಕೊಂಡವರನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ. ಜನ ಆಕಳಿಸತೊಡಗಿದರು. ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂದ ಮೇಲಂತೂ ಯಾರ ಕಿವಿಯೂ ನಮ್ಮ ಕಡೆ ಇರಲಿಲ್ಲ. ಮೊದಲ ಎಣಿಕೆ ಆಯಿತು. ನನಗೆ ಐವತ್ತೆಂಟು ಕೈ, ಅವನಿಗೆ ಅರವತ್ತೊಂದು. ಬೇಕಿದ್ದದ್ದು ತೊಂಬತ್ತಾರು. ಮಿಕ್ಕವರು ಕೈ ಎತ್ತುವ ಗೋಜಿಗೇ ಹೋಗಲಿಲ್ಲ.

ಅಂಬುಜಾಕ್ಷಮ್ಮನವರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. “ಒಬ್ಬರು ಹಿಂದೆ ಸರೀರಿ. ಸರಿದವರ ಕೈಯೆಲ್ಲ ಇನ್ನೊಬ್ಬರಿಗೆ ಬರುತ್ತೆ, ವಿಷಯ ಉಳಿಯುತ್ತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಂಗೆ ಮಾಡ್ಬೇಡಿ. ಕಾಲು ಗಂಟೆ ಟೈಮ್ ಕೊಡ್ತೀನಿ” ಎಂದರು.

ಆ ಕಾಲು ಗಂಟೆಯಲ್ಲಿ ಸಾಕಮ್ಮನವರು ನನ್ನ ಹತ್ತಿರ ಬಂದರು. ಮೊಣಕೈ ಹಿಡಿದುಕೊಂಡರು. “ಯಾವ ಹೆಸರಾದ್ರೇನಪ್ಪ? ಅವನು ಹೇಳಿದ್ದೇ ಆಗ್ಲಿ ಅಂದ್ಬಿಡು. ಅವಳ ಧ್ವನಿ ಉಳಿದ್ರೆ ಸಾಕು ನಂಗೆ.”

ನಾನು ಏನು ಹೇಳಿದೆ ಗೊತ್ತೇ? “ನೀವು ಸುಮ್ನಿರಿ ಅಮ್ಮ. ಇದು ನಿಮಗೆ ಅರ್ಥ ಆಗೋದಲ್ಲ” ಎಂದೆ. ಹೆತ್ತವಳಿಗೆ ಹೇಳಿದೆ. ಅವರು ಕೈ ಬಿಟ್ಟು ಇನಾಯತನ ಹತ್ತಿರ ಹೋದರು. ದೂರದಿಂದ ಕಾಣುತ್ತಿತ್ತು, ಅವನೂ ತಲೆಯಾಡಿಸುತ್ತಿದ್ದ. ಅವನು ಹೇಗೂ ಸೋಲುತ್ತಾನೆ, ಕೊನೇ ಗಳಿಗೆಯಲ್ಲಿ ಅವನ ಮನಸ್ಸು ಕರಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ನನ್ನ ಬಗ್ಗೆ ಅವನೂ ಹಾಗೇ ನಂಬಿದ್ದನಂತೆ. ಇಬ್ಬರೂ ಒಬ್ಬರ ಒಳ್ಳೆಯತನದ ಮೇಲೆ ಒಬ್ಬರು ಭಾರ ಹಾಕಿ ಕೂತೆವು.

ಎರಡನೇ ಎಣಿಕೆ. ನನಗೆ ಐವತ್ತೊಂಬತ್ತು, ಅವನಿಗೆ ಅರವತ್ತು. ಒಬ್ಬ ಅತ್ತಿಂದ ಇತ್ತ ಬಂದಿದ್ದ. ಗುಮಾಸ್ತ ಪೆನ್ನು ಕೊಡವಿ ‘ಕೈಬಿಡಲಾಗಿದೆ’ ಎಂದು ಬರೆದ. ಅಂಬುಜಾಕ್ಷಮ್ಮನವರು ಎದ್ದು ಊಟಕ್ಕೆ ಹೋದರು.

ಪಂಕ್ತಿಯಲ್ಲಿ ಸಾಕಮ್ಮನವರು ನನ್ನ ಪಕ್ಕದ ಎಲೆಗೇ ಕೂತರು. ಬೇಕೆಂದೇ ಕೂತರೋ, ಜಾಗ ಅಲ್ಲೇ ಇತ್ತೋ. ಅನ್ನ ಕಲಸುತ್ತಿದ್ದರು, ಬಾಯಿಗೆ ಇಡುತ್ತಿರಲಿಲ್ಲ. ಕಣ್ಣೀರು ಎಲೆಗೆ ಬೀಳುತ್ತಿತ್ತು. “ಮಾಲಾ” ಎಂದು ಒಂದು ಸಲ ಅಂದರು, ನನಗಲ್ಲ. ಆಮೇಲೆ ಎಲ್ಲರೂ ಎದ್ದರು. ಅವರೂ ಎದ್ದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು, ಮುಖಕ್ಕೂ ನೀರು ಹಾಕಿಕೊಂಡು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಬಂದರು. ಮುಖ ತಿಳಿಯಾಗಿತ್ತು.

“ಇವತ್ತು ಯಾವುದರ ಬಗ್ಗೆ ಇತ್ತಪ್ಪ ಸಭೆ? ನಾನು ಈ ಸೀರೆ ಯಾಕೆ ಉಟ್ಕೊಂಡೆ?” ಎಂದು ಕೇಳಿದರು.

ಮೂರು ದಿನ ಅಂಗಡಿ ಬಾಗಿಲು ತೆರೆಯಲಿಲ್ಲ. ನಾಲ್ಕನೇ ದಿನ ತೆರೆದಾಗ ಇನಾಯತ್ ಬಂದ. ಹತ್ತಿಯ ಧೂಳು ರೆಪ್ಪೆಯ ಮೇಲೆ ಹಾಗೇ ಇತ್ತು. ಕ್ಯಾಸೆಟ್ಟು ಹಾಕಿದೆ. ನಮಗೆ ಕೇಳಿಸಿತು. ಒಂದು ಚೂರೂ ಮಾಸಿರಲಿಲ್ಲ, ಅವಳು ಹಾಡುಗಳ ನಡುವೆ ಕೆಮ್ಮುವುದು ಕೂಡ. ಮಿಕ್ಸಿ ಕೊಡಲು ಬಂದ ಹೆಂಗಸೊಬ್ಬರು ಆ ಗದ್ದಲದ ನಡುವೆ ನಿಂತು, ಬ್ಲೇಡು ಬದಲಾಯಿಸಬೇಕೆಂದು ಮೆಲುದನಿಯಲ್ಲಿ ಹೇಳಿ ಹೋದರು. ಅವರ ಪಾಲಿಗೆ ಅಂಗಡಿ ನಿಶ್ಶಬ್ದವಾಗಿತ್ತು.

ಇನಾಯತ್ ಹೇಳಿದ, “ಹಾರ್ಡ್‌ಕೋರೇ ಕಣೋ. ಹುಟ್ಟಿದ್ದು ಅವತ್ತೇ. ನೀನು ಹೇಳಿದ್ದೇ ಸರಿ.”

“ಇಲ್ಲ ಕಣೋ, ಪಂಕೇ. ನಾನು ಗಡಿಯಾರ ನೋಡೇ ಬಾರಿಸಿದ್ದು” ಎಂದೆ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ. ಅವತ್ತು ಛತ್ರದಲ್ಲಿ ಇಬ್ಬರಲ್ಲಿ ಒಬ್ಬನ ಬಾಯಿಂದಲೂ ಹೊರಡದ ಒಂದು ಮಾತನ್ನು ಈಗ ಇಬ್ಬರೂ ಬೇಡ ಬೇಡವೆಂದರೂ ದಾನ ಮಾಡುತ್ತಿದ್ದೆವು. ತೆಗೆದುಕೊಳ್ಳುವವರಿರಲಿಲ್ಲ. ಮತ್ತೆ ಚೀಟಿ ಹಾಕೋಣವೆಂದು ಗುಮಾಸ್ತನ ಹತ್ತಿರವೂ ಹೋದೆವು. ಅವನು ಗಮನವಿಟ್ಟು ಕೇಳಿ, ಬರೆಯಲು ಪೆನ್ನು ತೆಗೆದು, ಮಸಿಯಲ್ಲಿ ಅದ್ದಿ, “ಯಾವ ವಿಷಯ ಅಂದ್ರಿ?” ಎಂದ. ಏಳು ಸಲ ಹೇಳಿದೆವು. ಇನಾಯತ್ ಅವತ್ತು ಬೀದಿಯಲ್ಲೇ ಅತ್ತ. ಅವನು ಈಗ ನನ್ನ ಅಂಗಡಿಯ ಕಡೆ ಬರುವುದಿಲ್ಲ. ನಾನೂ ಅವನ ಬೀದಿಗೆ ಹೋಗುವುದಿಲ್ಲ. ಜಗಳವಾಡಲು ಏನೂ ಉಳಿದಿಲ್ಲವಲ್ಲ, ಒಬ್ಬರನ್ನೊಬ್ಬರು ನೋಡುವುದಕ್ಕೆ ಭಯ.

ಗುರುವಾರ ಸಾಕಮ್ಮನವರು ಬಂದರು. ಯಾಕೆ ಬಂದೆನೆಂದು ಅವರಿಗೆ ಗೊತ್ತಿರಲಿಲ್ಲ, ಕಾಲು ತಂದಿತ್ತು. ಸೊಪ್ಪಿನ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತು, “ನಂದು ಏನಾದ್ರೂ ರಿಪೇರಿಗೆ ಕೊಟ್ಟಿದ್ನಾ?” ಎಂದರು. ಬನ್ನಿ ಕೂತುಕೊಳ್ಳಿ ಎಂದೆ. ಕ್ಯಾಸೆಟ್ಟು ಹಾಕಿದೆ. ವನಮಾಲ ಅರಚಿದಳು. ಅವಳ ತಾಯಿ ಅದರ ಎದುರಿಗೇ ಸ್ಟೂಲಿನ ಮೇಲೆ ಕೂತು, ಸೊಪ್ಪಿನ ಕಟ್ಟಿನಿಂದ ಹುಳ ಹಿಡಿದ ಎಲೆ ಆರಿಸಿ ಬಿಸಾಡುತ್ತಿದ್ದರು. “ಕೇಳಿಸ್ತಾ? ಕೇಳಿಸ್ತಾ?” ನನಗೆ ತಡೆಯಲಾಗದೆ ಕ್ಯಾಸೆಟ್ಟು ನಿಲ್ಲಿಸಿಬಿಟ್ಟೆ.

ಟೀ ತರಿಸಿದೆ. ಕುಡಿಯುತ್ತಾ ಅವರು ಹೇಳಿದರು, “ನೀನು ನಮ್ಮ ಮಾಲನ ಜೊತೆ ಫ್ಯಾಕ್ಟರೀಲಿದ್ದೋನಲ್ವಾ? ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನನ್ನ ಮಗಳು ಒಂದು ದಿನವೂ ಬಾಯಿ ಬಿಡಲಿಲ್ಲಪ್ಪ. ನೋವು ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಎಲ್ಲಾನೂ ಹೊಟ್ಟೇಲಿಟ್ಕೊಂಡು ಹೋಗ್ಬಿಟ್ಲು. ಈಚೆಗೆ ಅದೇ ಯೋಚನೆ, ನಿದ್ದೇನೇ ಹತ್ತಲ್ಲ. ನಿಮ್ಮ ಹತ್ರನಾದ್ರೂ ಯಾವತ್ತಾದ್ರೂ ಏನಾದ್ರೂ ಹೇಳಿದ್ಲಾ?”

ನಾನು ಹೇಳಿದೆ. ಷೆಡ್ಡು, ಹಾಡು, ಅರಚಾಟ, ಹುಳಿಮಜ್ಜಿಗೆ, ಎಲ್ಲ. ಅವರ ಮುಖ ಅರಳಿತು. “ಹೌದಾ? ನನ್ನ ಮಗಳಾ? ಅಬ್ಬಾ, ಹೊಟ್ಟೇಲಿದ್ದಿದ್ದೆಲ್ಲ ಕೂಗಿ ಹೋದ್ಲಾ ಹಾಗಾದ್ರೆ!” ಎಂದು ನಕ್ಕು, ಕಣ್ಣೊರೆಸಿಕೊಂಡು, ಚೀಲ ಎತ್ತಿಕೊಂಡರು. ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುವಾಗ ನಿಂತರು. ತಿರುಗಿದರು. ಮುಖ ಮತ್ತೆ ಬಾಡಿತ್ತು. “ನೀನು ನಮ್ಮ ಮಾಲನ ಜೊತೆ ಇದ್ದೋನಲ್ವಾ? ಒಂದು ಕೇಳ್ತೀನಿ…”

ಮುಂದಿನ ಗುರುವಾರವೂ ಹೇಳಿದೆ. ಅದರ ಮುಂದಿನದೂ. ಶ್ರಾವಣ, ಭಾದ್ರಪದ ಎರಡು ತಿಂಗಳೂ ಹೇಳಿದೆ. ಒಂದೇ ದಿನ ಮೂರು ಮೂರು ಸಲ ಹೇಳಿದ್ದುಂಟು. ಪ್ರತಿ ಸಲವೂ ಅರಳುತ್ತಿದ್ದರು, ಮೆಟ್ಟಿಲ ಹತ್ತಿರ ಬಾಡುತ್ತಿದ್ದರು, ಪ್ರತಿ ಸಲವೂ ಹೊಸದಾಗಿ ನೋಯುತ್ತಿದ್ದರು. ವಾರದಿಂದ ವಾರಕ್ಕೆ ಇಳಿದುಹೋಗುತ್ತಿದ್ದರು. ಒಂದು ಗುರುವಾರ ಮೆಟ್ಟಿಲ ಮೇಲೆ ನಾಲ್ಕನೇ ಸಲ ತಿರುಗಿ ನಿಂತು ಕೇಳಿದಾಗ ನನ್ನ ಕೈಲಾಗಲಿಲ್ಲ. ನನ್ನ ಹತ್ತಿರ ಇನ್ನು ಹೇಳುವ ಶಕ್ತಿಯೇ ಇರಲಿಲ್ಲ.

“ಇಲ್ಲಮ್ಮ. ಅವಳು ಏನೂ ಹೇಳ್ಲಿಲ್ಲ” ಎಂದೆ.

“ನಾನೂ ಹಂಗೇ ಅನ್ಕೊಂಡಿದ್ದೆ” ಎಂದರು. ಮೆಟ್ಟಿಲು ಇಳಿದರು. ಈ ಸಲ ತಿರುಗಲಿಲ್ಲ.

ಮುಂದಿನ ಗುರುವಾರ ಅವರು ಬರಲಿಲ್ಲ. ಸೊಪ್ಪು ಮಾರುವ ಹೆಂಗಸು ಅಂಗಡಿಗೆ ಬಂದು, “ಪಾಪ, ಸಾಕಮ್ಮ ಊಟ ಬಿಟ್ಟವ್ರಂತೆ ಕಣಣ್ಣ. ಮಗಳು ಯಾರತ್ರಾನೂ ಏನೂ ಹೇಳ್ಕೊಳ್ದೆ ಸತ್ತೋದ್ಲು ಅಂತ ಒಂದೇ ಸಮ ಅಂತಿರ್ತಾರೆ. ಜೊತೆ ಕೆಲಸ ಮಾಡ್ದೋನೇ ಹೇಳ್ದ, ಅಂತಾರೆ” ಎಂದಳು. ನನ್ನ ಮಾತುಗಳಲ್ಲಿ ಅದೊಂದು ಮಾತು ಅವರಲ್ಲಿ ನಿಂತಿತ್ತು.